ಹಳೇ ಓಮ್ನಿ ಘಟ್ಟದಲ್ಲಿ ಹೀಟ್ ಆಗದಿರಲು: ಫ್ಯಾನ್, ಕ್ಯಾಪ್, ಕೂಲಂಟ್ ಕೆಲಸ

ಗಾಡಿ ಹೀಟ್ ಆಗುತ್ತದೆ ಎಂದು ಯಾರೇ ಬರಲಿ, ನಾನು ಮೊದಲು ಕೇಳುವುದು ಒಂದೇ ಮಾತು. ನಿಂತಾಗ ಹೀಟ್ ಆಗುತ್ತದಾ, ಓಡುವಾಗ ಆಗುತ್ತದಾ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಗಾಡಿ ಐವತ್ತರ ಸ್ಪೀಡಿನಲ್ಲಿ ಹೋಗುವಾಗ ರೇಡಿಯೇಟರಿಗೆ ಬೇಕಾದ ಗಾಳಿ ತಾನಾಗಿ ಬಡಿಯುತ್ತದೆ. ಆಗ ಫ್ಯಾನಿಗೆ ಕೆಲಸವೇ ಇಲ್ಲ. ನೇರ ರಸ್ತೆಯಲ್ಲಿ ಓಡುವಾಗಲೇ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಮೇಲೇರಿದರೆ ಫ್ಯಾನನ್ನು ಬೈಯಬೇಡಿ. ನೀರು ಕಡಿಮೆ ಇರಬಹುದು, ರೇಡಿಯೇಟರ್ ಒಳಗೆ ಕಟ್ಟಿರಬಹುದು, ಬಿಸಿಯಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ತೆರೆಯದೆ ಕೂತಿರಬಹುದು, ವಾಟರ್ ಪಂಪ್ ಸೋತಿರಬಹುದು. ರಸ್ತೆಯಲ್ಲಿ ಸರಿ ಇದ್ದು, ಸಿಗ್ನಲ್ಲಿನಲ್ಲೋ ಜಾತ್ರೆ ಗದ್ದಲದಲ್ಲೋ ನಿಂತಾಗ ಮಾತ್ರ ಹೀಟ್ ಆದರೆ ಮೊದಲು ಫ್ಯಾನ್ ನೋಡಿ. ಘಟ್ಟ ಹತ್ತುವಾಗ ಎರಡೂ ಸೇರುತ್ತದೆ. ಫಸ್ಟ್ ಗೇರಿನಲ್ಲಿ ಬಸ್ಸಿನ ಹಿಂದೆ ತೆವಳುವಾಗ ಇಂಜಿನ್ನಿಗೆ ಕೆಲಸ ಜಾಸ್ತಿ, ಗಾಳಿ ಕಡಿಮೆ. ಸಪಾಟು ರಸ್ತೆಯಲ್ಲಿ ಅಡಗಿದ್ದ ದೋಷ ಚಾರ್ಮಾಡಿ ಘಾಟಿಯಲ್ಲಿ ಹೊರಗೆ ಬೀಳುವುದು ಅದಕ್ಕೇ.

ನಮ್ಮದು ಮೈಕ್ ಸೆಟ್ಟಿನ ಕೆಲಸ, ಊರು ಬೆಳ್ತಂಗಡಿ ಕಡೆ. ಗಾಡಿ 98ರ ಮಾಡೆಲ್ ಮಾರುತಿ ಓಮ್ನಿ ವ್ಯಾನ್, ಕಾರ್ಬುರೇಟರಿನದ್ದು. ಗ್ಯಾಸ್ ಕಿಟ್ ಆಮೇಲೆ ಹಾಕಿಸಿದ್ದು. ಹಿಂದೆ ಆಂಪ್ಲಿಫೈಯರ್, ಬಾಕ್ಸು, ವೈರಿನ ಸುರುಳಿಗಳನ್ನು ತುಂಬಿಕೊಂಡು ಉಜಿರೆಯಿಂದ ಕೊಟ್ಟಿಗೆಹಾರಕ್ಕೆ ಹತ್ತಬೇಕು. ಈ ವ್ಯಾನ್ 1984ರಲ್ಲಿ ಬಂದದ್ದು, ಕಂಪನಿ ಮಾಡುವುದನ್ನು ನಿಲ್ಲಿಸಿದ್ದು 2019ರಲ್ಲಿ. ಅಷ್ಟು ವರ್ಷವೂ 796 ಸಿಸಿಯ ಮೂರು ಸಿಲಿಂಡರೇ. ಹಾಗಾಗಿ ಪಾರ್ಟ್ಸ್ ಈಗಲೂ ಎಲ್ಲಾ ಕಡೆ ಸಿಗುತ್ತದೆ. ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದ್ದು ಬೇರೆ ಹಳೇ ಪೆಟ್ರೋಲ್ ವ್ಯಾನ್‌ಗಳಿಗೂ ಸರಿ ಹೋಗುತ್ತದೆ.

ಶುರು ಮಾಡುವ ಮೊದಲು

ಬಿಸಿ ಇಂಜಿನ್ನಿನಲ್ಲಿ ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಎಲ್ಲರಿಗೂ ಗೊತ್ತಿರುವ ಮಾತು, ಆದರೂ ವರ್ಷಕ್ಕೊಬ್ಬರು ಕೈ ಸುಟ್ಟುಕೊಳ್ಳುತ್ತಾರೆ. ಕ್ಯಾಪಿನ ಮೇಲೆ 0.9 ಎಂದು ಬರೆದಿರುತ್ತದೆ ಅಲ್ವಾ, ಅದು ಒಳಗಿನ ಪ್ರೆಶರ್. ಆ ಪ್ರೆಶರಿನಲ್ಲಿ ಬರೀ ನೀರೂ ಸುಮಾರು 118 ಡಿಗ್ರಿವರೆಗೆ ಕುದಿಯದೆ ಇರುತ್ತದೆ. ನೀವು ಕ್ಯಾಪ್ ತೆಗೆದ ಕೂಡಲೇ ಪ್ರೆಶರ್ ಇಳಿಯುತ್ತದೆ, ನೀರು ಒಮ್ಮೆಲೇ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಓಮ್ನಿಯಲ್ಲಿ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಬಗ್ಗಿ ನೋಡುವಾಗ ಮುಖ ಹತ್ತಿರವೇ ಇರುತ್ತದೆ. ಹಾಗಾಗಿ ಈ ಕೆಲಸವನ್ನೆಲ್ಲ ಬೆಳಿಗ್ಗೆ, ತಣ್ಣಗಿನ ಗಾಡಿಯಲ್ಲಿ ಮಾಡಿ.

ಫ್ಯಾನಿನ ಹತ್ತಿರ ಕೈ ಹಾಕುವಾಗ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಎಷ್ಟೋ ಗಾಡಿಗಳ ವೈರಿಂಗ್ ಅವರಿವರ ಕೈ ಸೇರಿ ಬದಲಾಗಿರುತ್ತದೆ. ಕೀ ತೆಗೆದ ಮೇಲೂ ಫ್ಯಾನ್ ತಿರುಗುವಂತೆ ಮಾಡಿಟ್ಟಿರುತ್ತಾರೆ.

ಫ್ಯಾನ್ ತಿರುಗುತ್ತಿಲ್ಲ

ಮೊದಲು ಫ್ಯಾನ್ ನಿಜಕ್ಕೂ ಬರುತ್ತದಾ ಎಂದು ನೋಡಿ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲಿ. ಮುಳ್ಳು ಅರ್ಧಕ್ಕೆ ಬಂದು ಸ್ವಲ್ಪ ಮೇಲೇರುವಾಗ ಫ್ಯಾನ್ ಬರಬೇಕು, ಒಂದೆರಡು ನಿಮಿಷ ಓಡಿ ತಾನೇ ನಿಲ್ಲಬೇಕು. ಬಂದು ನಿಂತರೆ ಫ್ಯಾನಿನ ಕಡೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಬರದೆ ಮುಳ್ಳು ಏರುತ್ತಲೇ ಹೋದರೆ ಇಂಜಿನ್ ಆಫ್ ಮಾಡಿ ಹುಡುಕಲು ಶುರು ಮಾಡಿ.

ಇಲ್ಲಿ ಎಲ್ಲರೂ ಮಾಡುವುದು ಸೀದಾ ಹೊಸ ಮೋಟರ್ ತರುವುದು. ಬೇಡ. ನಮ್ಮ ಕೆಲಸದಲ್ಲಿ ಸೌಂಡ್ ಬರಲಿಲ್ಲ ಎಂದರೆ ಆಂಪ್ಲಿಫೈಯರ್ ಬಿಚ್ಚುವ ಮೊದಲು ವೈರಿನ ತುದಿ ನೋಡುತ್ತೇವೆ, ಇಲ್ಲಿಯೂ ಹಾಗೆಯೇ.

ಫ್ಯೂಸ್ ಮೊದಲು. ಹೊರಗಿನಿಂದ ಕಂಡರೆ ಸಾಲದು, ಎಳೆದು ತೆಗೆದು ಕಾಲು ನೋಡಿ. ಪ್ಲಾಸ್ಟಿಕ್ ಕರಗಿ ಕಂದು ಬಣ್ಣ ಬಂದಿದ್ದರೆ ಅಲ್ಲಿ ಹಿಡಿತ ಸಡಿಲ ಇದೆ ಎಂದರ್ಥ. ಹೊಸದು ಹಾಕುವಾಗ ಬಾಕ್ಸಿನ ಮುಚ್ಚಳದಲ್ಲಿ ಬರೆದಷ್ಟೇ ಆಂಪಿಯರಿನದ್ದು ಹಾಕಿ. ಜಾಸ್ತಿಯದ್ದು ಹಾಕಿದರೆ ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ.

ಆಮೇಲೆ ಮೋಟರಿನ ಸಾಕೆಟ್. ನಮ್ಮ ಕಡೆಯ ಮಳೆಗೆ ಇದೇ ಮೊದಲು ಹೋಗುವುದು. ಸಾಕೆಟ್ ಎಳೆದು ಬೆಳಕಿಗೆ ಹಿಡಿಯಿರಿ. ಒಳಗಿನ ಹಿತ್ತಾಳೆ ಕಾಲಿನ ಮೇಲೆ ಹಸಿರು ಪುಡಿ ಕೂತಿದ್ದರೆ ಅದು ಕಿಲುಬು. ಸ್ವಲ್ಪ ಪೆಟ್ರೋಲಿನಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಪೂರ್ತಿ ಒಣಗಲು ಬಿಡಿ, ಸಣ್ಣ ಸ್ಕ್ರೂಡ್ರೈವರಿನಲ್ಲಿ ಕಾಲನ್ನು ಒಂಚೂರು ಬಿಗಿ ಮಾಡಿ ಮತ್ತೆ ಕೂರಿಸಿ. ಸಾಕೆಟ್ಟಿನ ಹಿಂದೆ ಎರಡು ಇಂಚು ವೈರನ್ನು ಬೆರಳಿನಲ್ಲಿ ಹಿಸುಕಿ ನೋಡುವುದನ್ನು ಮರೆಯಬೇಡಿ. ಹೊರಗಿನ ರಬ್ಬರ್ ಚೆನ್ನಾಗಿದ್ದು ಒಳಗಿನ ತಾಮ್ರ ಕಪ್ಪಾಗಿ ಪುಡಿಯಾಗಿರುತ್ತದೆ. ಅಲ್ಲಿ ವೈರ್ ಮೆತ್ತಗೆ, ಸತ್ತ ಹಾಗೆ ಬಗ್ಗುತ್ತದೆ. ತಾಮ್ರ ಹೊಳೆಯುವವರೆಗೆ ಕತ್ತರಿಸಿ, ಹೊಸ ತುಂಡು ಸೋಲ್ಡರ್ ಮಾಡಿ, ಸ್ಲೀವ್ ಹಾಕಿ. ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗಾಲದಲ್ಲಿ ಅದೇ ಕತೆ.

ಈಗ ಮೋಟರ್ ಟೆಸ್ಟ್. ಬ್ಯಾಟರಿಯಿಂದ ಎರಡು ವೈರ್ ಎಳೆದು ಮೋಟರಿಗೆ ನೇರ ಕೊಡಿ. ಮಧ್ಯದಲ್ಲಿ ಒಂದು ಫ್ಯೂಸ್ ಇರಲಿ. ತಿರುಗಿದರೆ ಮೋಟರ್ ಬದುಕಿದೆ. ತಿರುಗದಿದ್ದರೆ ಸ್ಕ್ರೂಡ್ರೈವರಿನ ಹಿಡಿಯಲ್ಲಿ ಮೋಟರಿನ ಬೆನ್ನಿಗೆ ಮೆಲ್ಲಗೆ ತಟ್ಟಿ. ತಟ್ಟಿದಾಗ ತಿರುಗಿತು ಎಂದರೆ ಒಳಗಿನ ಕಾರ್ಬನ್ ಬ್ರಶ್ ಸವೆದಿದೆ. ಆಟೋ ಇಲೆಕ್ಟ್ರಿಕಲ್ ಅಂಗಡಿಯವರು ಬ್ರಶ್, ಶಾಫ್ಟ್ ಹಿಡಿದಿಡುವ ಬುಷ್ ಬದಲಿಸಿ ಕೊಡುತ್ತಾರೆ. ತಿರುಗುವಾಗ ಕಿರ್ ಎನ್ನುವ ಸದ್ದು ಬಂದರೆ, ಅಥವಾ ರೆಕ್ಕೆಯನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ಶಾಫ್ಟ್ ಆಡಿದರೆ ಬುಷ್ ಹೋಗಿದೆ. ಅಂಥ ಮೋಟರ್ ಓಡುತ್ತಿದ್ದರೂ ಜಾಸ್ತಿ ಕರೆಂಟ್ ಎಳೆಯುತ್ತದೆ, ಫ್ಯೂಸ್ ಹಾರಿಸುತ್ತದೆ.

ಮೋಟರ್ ಬಿಚ್ಚಿ ಜೋಡಿಸಿದ ಮೇಲೆ ಪ್ಲಸ್ ಮೈನಸ್ ಅದಲು ಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ಸದ್ದು ಸರಿಯಾಗಿಯೇ ಕೇಳುತ್ತದೆ, ಅದೇ ಮೋಸ. ಗಾಳಿ ಮುಂದಿನಿಂದ ಹಿಂದಕ್ಕೆ ಹೋಗಬೇಕು. ಗಾಡಿಯ ಮುಂದಿನ ಬದಿಯಿಂದ ಒಂದು ಹಾಳೆ ಹಿಡಿಯಿರಿ, ಅದು ಒಳಗೆ ಎಳೆದುಕೊಳ್ಳಬೇಕು. ಹೊರಗೆ ಹಾರಿದರೆ ವೈರ್ ಉಲ್ಟಾ.

ಮೋಟರ್ ಸರಿ ಇದೆ, ಆದರೂ ತಾನಾಗಿ ಬರುವುದಿಲ್ಲ ಎಂದರೆ ಥರ್ಮೋ ಸ್ವಿಚ್ ನೋಡಿ. ಇದು ನೀರು ಹರಿಯುವ ದಾರಿಯಲ್ಲಿ ಕೂರುವ ಹಿತ್ತಾಳೆಯ ಸಣ್ಣ ಸ್ವಿಚ್. ನೀರು ಬಿಸಿಯಾದಾಗ ಒಳಗೆ ಕನೆಕ್ಷನ್ ಕೂಡುತ್ತದೆ. ಕೀ ಆನ್ ಮಾಡಿ, ಅದರ ಸಾಕೆಟ್ ಕಳಚಿ, ಎರಡು ವೈರ್ ಇದ್ದರೆ ಒಂದಕ್ಕೊಂದು ತಾಗಿಸಿ. ಒಂದೇ ವೈರ್ ಇದ್ದರೆ ಗಾಡಿಯ ಮೈಯ ಲೋಹಕ್ಕೆ ತಾಗಿಸಿ. ಫ್ಯಾನ್ ಬಂದರೆ ಸ್ವಿಚ್ ಹೋಗಿದೆ. ಹೀಗೆ ಮಾಡುವಾಗ ಫ್ಯಾನ್ ಬಾರದೆ ಡ್ಯಾಶ್‌ಬೋರ್ಡಿನ ಮುಳ್ಳು ಸರ್ರನೆ ಮೇಲೆ ಹೋಯಿತಾ? ನೀವು ಹಿಡಿದದ್ದು ಮೀಟರಿನ ಸೆನ್ಸರ್ ವೈರ್. ಕೂಡಲೇ ಬಿಡಿ. ಎಂಪಿಎಫ್‌ಐ ಗಾಡಿಯಲ್ಲಿ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವುದರಲ್ಲಿ, ಫ್ಯಾನನ್ನು ಕಂಪ್ಯೂಟರ್ ನಡೆಸುತ್ತಿದ್ದರೆ ಈ ವೈರ್ ತಾಗಿಸುವ ಆಟ ಬೇಡವೇ ಬೇಡ. ಅಲ್ಲಿ ಫ್ಯಾನಿಗೆ ಕರೆಂಟ್ ಬಿಡುವ ಸಣ್ಣ ಡಬ್ಬಿ, ಅಂದರೆ ರಿಲೇಯನ್ನು ಅದೇ ನಂಬರಿನ ಇನ್ನೊಂದು ರಿಲೇ ಜೊತೆ ಬದಲಿಸಿ ನೋಡಿ. ಸರಿ ಹೋಗದಿದ್ದರೆ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ.

ಬಿಚ್ಚಿದ ಥರ್ಮೋ ಸ್ವಿಚ್ಚನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಸ್ವಿಚ್ಚಿನ ಹಿತ್ತಾಳೆ ತುದಿ ಮಾತ್ರ ಮುಳುಗುವಂತೆ ನೀರಿನಲ್ಲಿ ಹಿಡಿದು ಕಾಯಿಸಿ. ತಣ್ಣಗಿರುವಾಗ ಬೀಪ್ ಬರಬಾರದು. ನೀರು ಕುದಿಯುವ ಮೊದಲೇ ಬರಬೇಕು, ತಣಿದಾಗ ನಿಲ್ಲಬೇಕು. ಅಡುಗೆಮನೆಯ ಪಾತ್ರೆ ಮಾತ್ರ ತೆಗೆದುಕೊಳ್ಳಬೇಡಿ, ಗ್ಯಾರೇಜಿಗೆಂದೇ ಒಂದು ಹಳೇ ಡಬ್ಬ ಇಟ್ಟುಕೊಳ್ಳಿ.

ಈ ಹಂತದಲ್ಲಿ ಒಂದು ಸಲಹೆ ಖಂಡಿತ ಬರುತ್ತದೆ. "ಡೈರೆಕ್ಟ್ ಕೊಟ್ಟುಬಿಡುವಾ ಅಣ್ಣ, ಕೀ ಹಾಕಿದ ಕೂಡಲೇ ಫ್ಯಾನ್ ತಿರುಗಲಿ." ಊರಿಗೆ ಮುಟ್ಟಲು ಒಂದು ದಿನಕ್ಕೆ ಸರಿ. ಶಾಶ್ವತ ಬೇಡ. ಮೋಟರಿನ ಆಯುಸ್ಸು ಕಡಿಮೆಯಾಗುತ್ತದೆ, ಆಲ್ಟರ್ನೇಟರಿಗೆ ಸುಮ್ನೆ ಭಾರ. ಎಲ್ಲಕ್ಕಿಂತ ಮುಖ್ಯ, ಸ್ವಿಚ್ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ನೀರು ಕಡಿಮೆಯಾಗಿ ಸ್ವಿಚ್ಚಿಗೆ ಬರೀ ಗಾಳಿ ತಾಗುತ್ತಿದ್ದರೂ ಅದು ಕೆಲಸ ಮಾಡುವುದಿಲ್ಲ. ಆಗ ದೋಷ ಸ್ವಿಚ್ಚಿನದ್ದಲ್ಲ, ಎಲ್ಲೋ ಸೋರುತ್ತಿದೆ. ಘಟ್ಟದವರಿಗೆ ನಾನು ಒಪ್ಪುವುದು ಒಂದೇ ಬದಲಾವಣೆ: ಥರ್ಮೋ ಸ್ವಿಚ್ಚನ್ನು ಹಾಗೇ ಬಿಟ್ಟು, ರಿಲೇ ಮತ್ತು ಫ್ಯೂಸ್ ಹಾಕಿ, ಡ್ಯಾಶ್‌ಬೋರ್ಡಿನಲ್ಲಿ ಇನ್ನೊಂದು ಸ್ವಿಚ್. ಹತ್ತಲು ಶುರು ಮಾಡುವ ಮೊದಲೇ ಕೈಯಲ್ಲಿ ಆನ್ ಮಾಡಿಕೊಳ್ಳಬಹುದು.

ರೇಡಿಯೇಟರಿನ ಹೊರಗೂ ಒಳಗೂ

ಓಮ್ನಿಯ ರೇಡಿಯೇಟರ್ ತಗ್ಗಿನಲ್ಲಿ ಕೂತಿರುತ್ತದೆ. ರಸ್ತೆಯ ಕೆಸರೆಲ್ಲ ಅದಕ್ಕೇ. ನಮ್ಮಲ್ಲಿ ಮಳೆಗಾಲದ ಕೆಂಪು ಮಣ್ಣಿನ ನೀರು ರೇಡಿಯೇಟರಿನ ತೆಳು ತಗಡುಗಳ, ಅಂದರೆ ಫಿನ್ನುಗಳ ನಡುವೆ ಹೊಕ್ಕು, ಅಕ್ಟೋಬರ್ ಬಿಸಿಲಿಗೆ ಒಣಗಿ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ದಾಟುವುದಿಲ್ಲ. ಹಿಂದಿನಿಂದ ಟಾರ್ಚ್ ಹಾಕಿಸಿ ಮುಂದಿನಿಂದ ನೋಡಿ. ಬೆಳಕು ಕಾಣದ ಜಾಗದಲ್ಲೆಲ್ಲ ಮಣ್ಣಿದೆ.

ತೊಳೆಯುವುದು ಹಿಂದಿನಿಂದ ಮುಂದಕ್ಕೆ, ಅಂದರೆ ಕೊಳೆ ಬಂದ ದಾರಿಯಲ್ಲೇ ಹೊರಗೆ ಹೋಗಬೇಕು. ತೋಟಕ್ಕೆ ನೀರು ಬಿಡುವ ಪೈಪು ಸಾಕು. ಮೊದಲು ಒದ್ದೆ ಮಾಡಿ ಅರ್ಧ ಗಂಟೆ ನೆನೆಯಲು ಬಿಡಿ, ಆಮೇಲೆ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ಫಿನ್ನುಗಳೆಲ್ಲ ಮಡಚಿ, ಗಾಳಿಯ ದಾರಿಯೇ ಮುಚ್ಚುತ್ತದೆ. ಮಡಚಿದ್ದನ್ನು ಚಪ್ಪಟೆ ಸ್ಕ್ರೂಡ್ರೈವರಿನಲ್ಲಿ ತಾಳ್ಮೆಯಿಂದ ನೆಟ್ಟಗೆ ಮಾಡಬಹುದು, ಟ್ಯೂಬಿಗೆ ತಾಗಿಸಬೇಡಿ. ಗಾಡಿ ಮುಂದೆ ಕಟ್ಟುವ ಬ್ಯಾನರ್, ಎಕ್ಸ್‌ಟ್ರಾ ಲೈಟ್, ದೊಡ್ಡ ಬೋರ್ಡು ಇವೆಲ್ಲ ಗಾಳಿಗೆ ಅಡ್ಡ. ನಮ್ಮ ಕಸುಬಿನವರಿಗೆ ಇದನ್ನು ಎಷ್ಟು ಹೇಳಿದರೂ ಕೇಳುವುದಿಲ್ಲ ಮಾರಾಯ್ರೇ.

ಒಳಗಿನ ಕಟ್ಟು ಬೇರೆ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಇಂಜಿನ್ ಆಫ್ ಮಾಡಿ, ಬ್ಯಾಟರಿ ಬಿಚ್ಚಿ, ರೇಡಿಯೇಟರಿನ ಮೈಗೆ ಅಂಗೈ ಹತ್ತಿರ ಹಿಡಿದು ಸಾಗಿಸಿ. ಒಂದು ಕಡೆ ಸುಡುವಷ್ಟು ಬಿಸಿ, ನಡುವೆ ಒಂದು ಪಟ್ಟಿ ತಣ್ಣಗೆ ಎಂದಾದರೆ ಅಲ್ಲಿ ನೀರು ಹರಿಯುತ್ತಿಲ್ಲ. ತಾಮ್ರ ಹಿತ್ತಾಳೆಯ ಹಳೇ ರೇಡಿಯೇಟರ್ ಆದರೆ ರೇಡಿಯೇಟರ್ ಕೆಲಸದವರು ಟ್ಯಾಂಕ್ ಬಿಚ್ಚಿ, ರಾಡ್ ಹಾಕಿ, ಮತ್ತೆ ಬೆಸುಗೆ ಹಾಕಿ ಕೊಡುತ್ತಾರೆ. ಅಲ್ಯೂಮಿನಿಯಂ ಮೈಗೆ ಪ್ಲಾಸ್ಟಿಕ್ ಟ್ಯಾಂಕ್ ಇರುವುದಾದರೆ ರಿಪೇರಿಗೆ ದುಡ್ಡು ಹಾಕಬೇಡಿ, ಬದಲಿಸಿ.

ಸೋರಿಕೆಗೆ ಅರಿಶಿನ ಪುಡಿ ಹಾಕುವ ಹಳೇ ಡ್ರೈವರ್ ಉಪಾಯ ನಿಮಗೂ ಗೊತ್ತಿರಬಹುದು. ನಿಲ್ಲುತ್ತದೆ, ಸುಳ್ಳಲ್ಲ. ಆದರೆ ತೂತು ಯಾವುದು, ಟ್ಯೂಬ್ ಯಾವುದು ಎಂದು ಪುಡಿಗೆ ಗೊತ್ತಾಗುವುದಿಲ್ಲ.

ಕೂಲಂಟ್, ನೀರು, ಗಾಳಿ

"ನಮ್ಮಲ್ಲಿ ಹಿಮ ಬೀಳುತ್ತದಾ? ಕೂಲಂಟ್ ಯಾಕೆ?" ಎನ್ನುತ್ತಾರೆ. ಹಿಮ ಬೀಳುವಲ್ಲಿ ಅದು ನೀರು ಹೆಪ್ಪುಗಟ್ಟದಂತೆ ತಡೆಯುತ್ತದೆ, ನಮಗೆ ಬೇಕಾದದ್ದು ಅದರಲ್ಲಿರುವ ತುಕ್ಕು ತಡೆಯುವ ಮದ್ದು. ಇಂಜಿನ್ನಿನ ಹೆಡ್ ಅಲ್ಯೂಮಿನಿಯಂ. ಬರೀ ನೀರಿನಲ್ಲಿ ಅದು ಒಳಗಿಂದ ತಿಂದು ಹೋಗುತ್ತದೆ. ಬೋರ್‌ವೆಲ್ ನೀರಾದರೆ ಸುಣ್ಣದ ಪದರವೂ ಕಟ್ಟುತ್ತದೆ. ಕೋಲಾರ, ಚಿತ್ರದುರ್ಗದ ಕಡೆಯವರು ಬಿಸಿನೀರಿನ ಹಂಡೆಯೊಳಗೆ ಬಿಳಿ ಕರೆ ನೋಡಿಯೇ ಇರುತ್ತೀರಿ. ಅದೇ ರೇಡಿಯೇಟರಿನೊಳಗೂ ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಕಾನ್ಸಂಟ್ರೇಟ್ ಕೂಲಂಟ್ ಆದರೆ ಅರ್ಧಕ್ಕರ್ಧ ಬೆರೆಸಿ. ರೆಡಿ ಮಿಕ್ಸ್ ಆದರೆ ಹಾಗೇ ಹಾಕಿ, ಮತ್ತೆ ನೀರು ಸೇರಿಸಬೇಡಿ. ಹಸಿರು, ಕೆಂಪು ಎಂಬ ಬಣ್ಣ ನಂಬಿ ಬೆರೆಸುವುದು ತಪ್ಪು. ಒಂದೇ ಬಣ್ಣದ ಎರಡು ಕಂಪನಿಯ ಕೂಲಂಟಿನ ಮದ್ದು ಬೇರೆ ಬೇರೆ ಇರಬಹುದು. ಒಳಗೆ ಏನಿದೆ ಗೊತ್ತಿಲ್ಲ ಎಂದಾದರೆ ಪೂರ್ತಿ ಖಾಲಿ ಮಾಡಿ ತೊಳೆದು ಹೊಸದು ಹಾಕಿ.

ಖಾಲಿ ಮಾಡುವಾಗ ಕೆಳಗೆ ಬಕೆಟ್ ಇಡಿ, ಎರಡು ಕಾರಣಕ್ಕೆ. ಕೂಲಂಟ್ ಸಿಹಿ ವಿಷ, ಅಂಗಳದಲ್ಲಿ ಚೆಲ್ಲಿದರೆ ನಾಯಿ, ದನ ನೆಕ್ಕುತ್ತವೆ. ಎರಡನೆಯದು, ಎಷ್ಟು ಹೊರಗೆ ಬಂತೋ ಅಷ್ಟು ಒಳಗೆ ಹೋಗಬೇಕು. ಒಂದು ಲೀಟರ್ ಕಡಿಮೆ ಹೋದರೂ ಕ್ಯಾಪಿನವರೆಗೆ ತುಂಬಿದಂತೆ ಕಂಡರೆ, ಒಳಗೆ ಗಾಳಿ ಸಿಕ್ಕಿಕೊಂಡಿದೆ.

ಗಾಳಿ ತೆಗೆಯಲು ಕ್ಯಾಪ್ ಇರುವ ಬದಿ ಎತ್ತರಕ್ಕೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ತಣ್ಣಗಿರುವಾಗಲೇ ಕ್ಯಾಪ್ ತೆರೆದಿಟ್ಟು ನಿಧಾನ ತುಂಬಿ. ಇಂಜಿನ್ ಶುರು ಮಾಡಿ, ಹೋಸ್‌ಗಳನ್ನು ಕೈಯಲ್ಲಿ ಹಿಸುಕುತ್ತಾ ಇರಿ. ಗುಳುಗುಳು ಎಂದು ಗುಳ್ಳೆ ಬರುತ್ತದೆ, ನೀರು ಇಳಿಯುತ್ತದೆ, ಮತ್ತೆ ಹಾಕಿ. ಇಂಜಿನ್ ಬಿಸಿಯೇರಿ ಮೇಲಿನ ಹೋಸ್ ಬೆಚ್ಚಗಾಗುವ ಹೊತ್ತಿಗೆ ಗುಳ್ಳೆ ನಿಂತಿರಬೇಕು. ನಿಂತರೆ ಕ್ಯಾಪ್ ಹಾಕಿ, ರೇಡಿಯೇಟರಿಗೆ ಪೈಪಿನಿಂದ ಸೇರಿಸಿದ ಕೂಲಂಟ್ ಬಾಟಲಿಯನ್ನು ಗೆರೆಯವರೆಗೆ ತುಂಬಿಸಿ. ಮರುದಿನ ತಣ್ಣಗಿರುವಾಗ ಇನ್ನೊಮ್ಮೆ ನೋಡಿ. ಗುಳ್ಳೆ ನಿಲ್ಲುವುದೇ ಇಲ್ಲ, ಇಂಜಿನ್ ಶುರು ಮಾಡಿ ಒಂದೆರಡು ನಿಮಿಷದಲ್ಲೇ ಹೋಸ್ ಕಲ್ಲಿನಂತೆ ಬಿಗಿಯಾಗುತ್ತದೆ, ಆಯಿಲ್ ಕ್ಯಾಪಿನೊಳಗೆ ಹಾಲು ಕಾಫಿಯ ಬಣ್ಣದ ನೊರೆ ಕೂತಿದೆ ಎಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಗ್ಯಾಸ್ ಕಿಟ್ ಇರುವವರಿಗೆ ಒಂದು ಸುಲಭದ ಗುರುತು ಇದೆ. ಎಲ್‌ಪಿಜಿಯನ್ನು ಆವಿ ಮಾಡುವ ವೇಪರೈಸರಿಗೆ ಬಿಸಿ ಬೇಕು. ಆ ಬಿಸಿ ಬರುವುದು ಇದೇ ಕೂಲಂಟಿನಿಂದ, ಎರಡು ಸಣ್ಣ ಹೋಸ್ ಮೂಲಕ. ಗಾಡಿ ಓಡಿ ಬಿಸಿಯಾದ ಮೇಲೂ ವೇಪರೈಸರ್ ತಣ್ಣಗಿದ್ದು ಮೇಲೆ ಬೆಳ್ಳಗೆ ಮಂಜು ಕಟ್ಟಿದ್ದರೆ ನೀರು ಅಲ್ಲಿಗೆ ಮುಟ್ಟುತ್ತಿಲ್ಲ. ನೀರು ಕಡಿಮೆ, ಇಲ್ಲವೇ ಗಾಳಿ ಸಿಕ್ಕಿಕೊಂಡಿದೆ. ಮುಳ್ಳು ಏರುವ ಮೊದಲೇ ಇದು ಗೊತ್ತಾಗುತ್ತದೆ. ಆ ಸಣ್ಣ ಹೋಸ್‌ಗಳ ಕ್ಲಿಪ್ಪುಗಳೇ ಮೊದಲು ಸೋರುವುದು ಕೂಡ.

ಸಣ್ಣ ಸಾಮಾನುಗಳು

ಕ್ಯಾಪಿನ ರಬ್ಬರ್ ಗಟ್ಟಿಯಾಗಿದ್ದರೆ, ಸೀಳಿದ್ದರೆ ಹೊಸ ಕ್ಯಾಪ್ ಹಾಕಿ. ಮೊದಲಿದ್ದ ನಂಬರಿನದ್ದೇ ಇರಲಿ. 0.9 ಇದ್ದಲ್ಲಿ 1.1 ಹಾಕಿದರೆ ಹಳೇ ಹೋಸ್ ಒಡೆಯುತ್ತದೆ. ಹೋಸನ್ನು ತಣ್ಣಗಿರುವಾಗ ಹಿಸುಕಿ. ಚರಚರ ಸದ್ದು ಬಂದರೆ ಒಳಗೆ ಬಿರುಕು. ಕ್ಲಿಪ್ಪಿನ ಪಕ್ಕದಲ್ಲಿ ಉಬ್ಬಿದ್ದರೂ ಬದಲಿಸಿ.

ಥರ್ಮೋಸ್ಟಾಟ್ ತೆಗೆದು ಬಿಸಾಡಿ ಎನ್ನುವವರ ಮಾತು ಕೇಳಬೇಡಿ. ಅದಿಲ್ಲದಿದ್ದರೆ ಇಂಜಿನ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಗ್ಯಾಸಿನಲ್ಲಿ ಬೆಳಿಗ್ಗೆ ಎಳೆಯುವುದೇ ಇಲ್ಲ. ಅನುಮಾನ ಇದ್ದರೆ ಅದೇ ಹಳೇ ಡಬ್ಬದ ನೀರಿನಲ್ಲಿ ದಾರ ಕಟ್ಟಿ, ತಳಕ್ಕೆ ತಾಗದಂತೆ ಇಳಿಬಿಟ್ಟು ಕಾಯಿಸಿ. ಮೇಲೆ 82 ಅಥವಾ 88 ಎಂದು ಒತ್ತಿರುತ್ತದೆ, ಆ ಬಿಸಿಗೆ ಬಾಯಿ ಬಿಡಲು ಶುರು ಮಾಡಬೇಕು. ಮತ್ತೆ ಕೂರಿಸುವಾಗ ಅದರಲ್ಲಿ ಅಲ್ಲಾಡುವ ಸಣ್ಣ ಪಿನ್ ಇದ್ದರೆ ಅದು ಮೇಲಕ್ಕೆ ಬರಲಿ, ಗಾಳಿ ಹೋಗುವುದು ಅಲ್ಲಿಂದ.

ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತಿದೆ. ಅಲ್ಲಿಂದ ಹನಿ ಬೀಳುತ್ತಿದ್ದರೆ ಅದನ್ನು ಮುಚ್ಚಬೇಡಿ, ಪಂಪಿನ ಸೀಲ್ ಹೋಗಿದೆ. ಬೆಲ್ಟನ್ನು ಹೆಬ್ಬೆರಳಿನಲ್ಲಿ ಗಟ್ಟಿಯಾಗಿ ಒತ್ತಿದರೆ ಅರ್ಧ ಇಂಚಿಗಿಂತ ಜಾಸ್ತಿ ಬಗ್ಗಬಾರದು. ಓಡುವಾಗ ಬ್ಯಾಟರಿ ಲೈಟ್ ಹತ್ತಿ, ಹಿಂದೆಯೇ ಮುಳ್ಳು ಏರಿದರೆ ಬೆಲ್ಟ್ ತುಂಡಾಗಿದೆ. ಅಲ್ಲೇ ನಿಲ್ಲಿಸಿ.

ಘಟ್ಟದಲ್ಲಿ ಮುಳ್ಳು ಏರಿದರೆ

ಓಮ್ನಿಯಲ್ಲಿ ಮುಳ್ಳಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ, ಇಂಜಿನ್ ಸೀಟಿನ ಕೆಳಗೇ ಇದೆ ಅಲ್ವಾ. ಸಿಹಿ ಸಿಹಿ ವಾಸನೆ ಬಂದರೆ ಕೂಲಂಟ್ ಎಲ್ಲೋ ಹೊರಗೆ ಬೀಳುತ್ತಿದೆ.

ಮುಳ್ಳು ಮುಕ್ಕಾಲು ದಾಟಿದರೆ ತಿರುವಿನಲ್ಲಿ ನಿಲ್ಲಬೇಡಿ, ಅಗಲ ಜಾಗ ನೋಡಿ ಬದಿಗೆ ಹಾಕಿ. ಹಬೆ ಇಲ್ಲ, ಫ್ಯಾನ್ ತಿರುಗುತ್ತಿದೆ ಎಂದಾದರೆ ಒಂದೆರಡು ನಿಮಿಷ ಇಂಜಿನ್ ನ್ಯೂಟ್ರಲ್‌ನಲ್ಲಿ ಓಡಲಿ, ಮುಳ್ಳು ಇಳಿಯಬಹುದು. ಇಳಿಯದಿದ್ದರೆ, ಹಬೆ ಬಂದರೆ, ಕೆಂಪು ಮುಟ್ಟಿದರೆ ಕೂಡಲೇ ಆಫ್. ಆಮೇಲೆ ಮುಕ್ಕಾಲು ಗಂಟೆ ಕಾಯಲೇಬೇಕು. ದಪ್ಪ ಬಟ್ಟೆ ಮುಚ್ಚಿ ಕ್ಯಾಪನ್ನು ಸ್ವಲ್ಪವೇ ತಿರುಗಿಸಿ. ಬುಸ್ ಎಂದರೆ ಮತ್ತೆ ಕಾಯಿರಿ. ಕಾದ ಇಂಜಿನ್ನಿಗೆ ಝರಿಯ ತಣ್ಣೀರು ಸುರಿದರೆ ಹೆಡ್ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ತಣಿದ ಮೇಲೆ ಇಂಜಿನ್ ಓಡಿಸುತ್ತಾ ಸ್ವಲ್ಪ ಸ್ವಲ್ಪವೇ ಹಾಕಿ. ಅಂದಹಾಗೆ ಘಟ್ಟದ ಝರಿ ನೀರು ಬೋರ್ ನೀರಿಗಿಂತ ಎಷ್ಟೋ ಮೇಲು, ಅದರಲ್ಲಿ ಸುಣ್ಣ ಕಡಿಮೆ. ತುರ್ತಿಗೆ ಅದನ್ನು ಹಾಕಿ ಮನೆಗೆ ಬಂದ ಮೇಲೆ ಕೂಲಂಟ್ ಬದಲಿಸಿದರೆ ಸಾಕು.

ಹತ್ತುವಾಗ ಟಾಪ್ ಗೇರಿನಲ್ಲಿ ಮುಕ್ಕಿಸುತ್ತಾ ಹೋಗಬೇಡಿ. ಗೇರ್ ಇಳಿಸಿದರೆ ಇಂಜಿನ್ ಬೇಗ ತಿರುಗುತ್ತದೆ, ಪಂಪೂ ಬೇಗ ನೀರು ತಳ್ಳುತ್ತದೆ.

ನನ್ನ ಗಾಡಿಯ ಈ ಕೆಲಸವೆಲ್ಲ ದೀಪಾವಳಿಗೆ ಮೊದಲು ಆಗಬೇಕು. ಆಮೇಲೆ ಯಕ್ಷಗಾನ ಮೇಳಗಳು ಹೊರಟರೆ, ಮೇ ಕೊನೆಯಲ್ಲಿ ತಿರುಗಾಟ ಮುಗಿಯುವ ಪತ್ತನಾಜೆವರೆಗೆ ಬಿಡುವಿಲ್ಲ. ಹಿಂದಿನ ಮೂಲೆಯಲ್ಲಿ ಒಂದು ಚೀಲ ಸದಾ ಇರುತ್ತದೆ: ಬೆಲ್ಟ್, ಎರಡು ಅಳತೆಯ ಹೋಸ್ ಕ್ಲಿಪ್, ಫ್ಯೂಸ್, ಹಳೇ ಕ್ಯಾಪ್, ಎರಡು ಬದಿಗೆ ಮೊಸಳೆ ಕ್ಲಿಪ್ ಹಾಕಿದ ಉದ್ದ ವೈರ್. ಜೊತೆಗೆ ಐದು ಲೀಟರಿನ ಕ್ಯಾನಿನಲ್ಲಿ ಬೆರೆಸಿಟ್ಟ ಕೂಲಂಟ್. ಕ್ಯಾನಿನ ಮೇಲೆ ಯಾವ ಕೂಲಂಟ್, ಯಾವ ತಿಂಗಳು ಹಾಕಿದ್ದು ಎಂದು ಮಾರ್ಕರಿನಲ್ಲಿ ದಪ್ಪಗೆ ಬರೆದಿದ್ದೇನೆ. ಪಕ್ಕದಲ್ಲೇ "ಕುಡಿಯುವ ನೀರಲ್ಲ" ಎಂದೂ ಬರೆದಿದೆ, ಆಟ ಮುಗಿಯುವ ಹೊತ್ತಿಗೆ ಕೆಲಸದ ಹುಡುಗರಿಗೆ ನಿದ್ದೆಗಣ್ಣು.